ಜೇಕಿನ ಹಿತ್ತಲು

12-6-83, ರವಿವಾರ. ಬೆಳಿಗ್ಗೆ

ನೀರು ಬಂದು ಹೋಯಿತು. ತುಂಬಿಸಿದ್ದಾಯಿತು. ಹಾಲು ಉಕ್ಕಿತು — ಒಲೆ ಮುಂದೆ ನಿಂತು ಕಿಟಕಿಯಾಚೆ ನೋಡುತ್ತಿದ್ದರೆ ಉಕ್ಕದೆ ಇನ್ನೇನು. ರಾತ್ರಿ ಮೊದಲ ದೊಡ್ಡ ಮಳೆ. ಛತ್ತಿನ ಪೈಪಿನ ನೀರೆಲ್ಲ ನಮ್ಮ ಅಡುಗೆಮನೆ ಹಿಂದಿನ ತಗ್ಗಿಗೆ ಬಂದು ನಿಂತಿದೆ. ಬಿಲ್ಡಿಂಗಿನವರಿಗೆಲ್ಲ ಅದು ಕೊಚ್ಚೆ. ನನಗೆ ಕೆರೆ!

ಹೋದ ವರ್ಷ ಇದೇ ತಗ್ಗಿಗೆ ಒಂದು ಕಪ್ಪೆ ಬಂದು ರಾತ್ರಿಯಿಡೀ ಕೂಗಿತ್ತು. ಮುಂಬೈ ಆಚೆಯ ಈ ಡೊಂಬಿವಲಿಯ ಕಾರ್ಖಾನೆ ಬಡಾವಣೆಗೆ, ಎಂಐಡಿಸಿಗೆ, ಬಂದ ಮೇಲೆ ನಾನು ಕೇಳಿದ ಮೊದಲ ಕಪ್ಪೆ. ಮರುದಿನ ಕಮಿಟಿಯವರು ಸೊಳ್ಳೆಗೆಂದು ಸೀಮೆಎಣ್ಣೆ ಸುರಿಸಿದರು. ಮುಗಿಯಿತು. ಆ ಸಿಟ್ಟು ಇನ್ನೂ ಇಳಿದಿಲ್ಲ. ಶಾಲೆಯಲ್ಲಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವವಳು ನಾನು, ಮನೆ ಹಿಂದೆ ಕಪ್ಪೆಗೆ ಎಣ್ಣೆಸ್ನಾನ! ಈ ವರ್ಷ ಸುಮ್ಮನಿರುವುದಿಲ್ಲ.

ಇವರಿಗೆ ಹೇಳಿದೆ, "ನಾ ಶಹಾಡಕ್ಕ ಹೋಗಿ ಬರತೀನ್ರಿ."

"ಶಹಾಡದಾಗ ಯಾರದಾರ?"

"ಹುಲ್ಲೈತಿ."

ಪೇಪರ್ ಕೆಳಗಿಳಿಸಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದ ಗಂಡಸಿನ ಲಕ್ಷಣ.

ಅದೇ ದಿನ, ಸಂಜೆ

ಬೆನ್ನು ನೋಯುತ್ತಿದೆ, ಉಗುರಲ್ಲಿ ಕೆಸರು, ಖುಷಿಗೆ ಮಿತಿಯಿಲ್ಲ. ಉಲ್ಹಾಸ ನದಿಯ ದಂಡೆಯಲ್ಲಿ ಏನೆಲ್ಲ ಇದೆ! ಒಂದು ಜಾತಿ ಸೊಂಟದೆತ್ತರ, ತುದಿಯಲ್ಲಿ ಛತ್ರಿ ಬಿಚ್ಚಿದ ಹಾಗೆ ಹೂ. ಒಂದಕ್ಕೆ ಎಲೆಯೇ ಇಲ್ಲ, ಬರೀ ಹಸಿರು ಸೂಜಿಗಳು. ಇನ್ನೊಂದರ ತಲೆಯ ಮೇಲೆ ಬಿಳಿ ಗುಂಡಿ. ಜನ ಹುಲ್ಲೆನ್ನುತ್ತಾರೆ. ಹುಲ್ಲಲ್ಲ, ಜೇಕಿನ ಕುಲ. ಕಾಂಡವನ್ನು ಬೆರಳ ನಡುವೆ ಹೊರಳಿಸಿದರೆ ಮೂರು ಮೂಲೆ ಚುಚ್ಚುತ್ತದೆ. ಎಂಟನೇ ಇಯತ್ತೆಯವರಿಗೆ ಪ್ರತಿ ವರ್ಷ ಬೋರ್ಡಿನ ಮೇಲೆ ತ್ರಿಕೋನ ಬರೆದು ತೋರಿಸಿದ್ದೇನೆ, ಒಮ್ಮೆಯೂ ಗಿಡ ತೋರಿಸಿರಲಿಲ್ಲ.

ರೇಷನ್ನಿನ ಎರಡು ಚೀಲ ತುಂಬಿ ಬೇರುಸಹಿತ ತಂದೆ. ಲೇಡೀಸ್ ಡಬ್ಬಿಯಲ್ಲಿ ರಂಪ. ಕೆಸರು ಸೋರಿ ಯಾರದೋ ಸೀರೆಗೆ. ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮೀನಿನವಳೊಬ್ಬಳು ಮಾತ್ರ ಚೀಲದೊಳಗೆ ಇಣುಕಿ, "ಲವ್ಹಾಳಾ? ಕಶಾಲಾ ಗ ಬಾಯೀ?" ಅಂದಳು — ಜೇಕೇ, ಯಾತಕ್ಕೆ ಎಂದು. "ಬೇಡೂಕಾಸಾಠೀ" ಅಂದೆ — ಕಪ್ಪೆಗಾಗಿ. ಅವಳು ನಕ್ಕ ನಗೆಗೆ ಡಬ್ಬಿಯೇ ನಕ್ಕಿತು. ಆಮೇಲೆ ಜಾಗವನ್ನೂ ಮಾಡಿಕೊಟ್ಟಳು.

ಎಲ್ಲ ನೆಟ್ಟೆ. ಸಾಲಿಲ್ಲ, ಅಂತರವಿಲ್ಲ, ನದಿಯಲ್ಲಿದ್ದ ಹಾಗೆಯೇ ಚದುರಿಸಿ. ಈಗ ಮಳೆ ಬರಲಿ.

19-6-83, ರವಿವಾರ

ಸೊಸಾಯಿಟಿ ಮೀಟಿಂಗ್. ಹೋದದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಹಿತ್ತಲೇ ಹೋಗುತ್ತಿತ್ತು.

ಸೆಕ್ರೆಟರಿ ಪುಂಡರೀಕಾಕ್ಷ ರಾಯರು — ಉಡುಪಿಯವರು, ಇನ್ಶುರೆನ್ಸ್ ಆಫೀಸು, ಇಸ್ತ್ರಿ ಮಾಡಿದ ಪಾಯಿಜಾಮ — ಹಿಂದಿನ ಜಾಗಕ್ಕೆಲ್ಲ ಶಹಾಬಾದ್ ಕಲ್ಲಿನ ಲಾದಿ ಹಾಸಿ ಸ್ಕೂಟರ್ ನಿಲ್ಲಿಸುವ ಪ್ಲಾನ್ ತಂದಿದ್ದರು. ಮೂರನೇ ಮಾಳಿಗೆಯ ಯಂಕಪ್ಪನಿಗಂತೂ ಕುಣಿಯುವಷ್ಟು ಸಂತೋಷ. ಬಾಗಲಕೋಟೆಯವನು, ಕಲ್ಯಾಣದಲ್ಲಿ ಸೀರೆ ಅಂಗಡಿ, ಹೊಸ ಬಜಾಜ್.

ನಾನೆದ್ದು ಹೇಳಿದೆ — ಅಲ್ಲಿ ತೋಟ ಮಾಡುತ್ತಿದ್ದೇನೆ.

ಯಂಕಪ್ಪ ಬಾಯಿ ಹಾಕಿದ, "ತ್ವಾಟ ಅಲ್ರಿ ಅದು, ಜೇಕು. ನಾ ಗ್ಯಾಲರಿಯಿಂದ ನೋಡೇನಿ. ನಮ್ಮೂರಾಗ ಜೇಕು ಇದ್ದ ಹೊಲದವಗ ಹೆಣ್ಣ ಕೊಡೂದಿಲ್ಲ. ಈ ಬಾಯಾರು ಜಾಗಾ ಕೇಳಿ ಹಚ್ಚಾಕತ್ತಾರ!"

ನಗೆಯೋ ನಗೆ. ಕಿವಿಯವರೆಗೆ ಬಿಸಿಯಾಯಿತು. ಜಗಳಕ್ಕೆ ನಿಂತೆ. ನಳಿನಾಕ್ಷಿ — ನಮ್ಮ ನೆತ್ತಿಯ ಮೇಲಿನ ಮನೆಯವಳು, ಮಲ್ಪೆ ಕಡೆಯವಳು, ನನಗಿಂತ ಚಿಕ್ಕವಳು, ಬಾಯಿ ಮಾತ್ರ ದೊಡ್ಡದು — ನನ್ನ ಪರ ಎದ್ದಳು: "ಸ್ಕೂಟರ್ ಇರುವುದು ಇಬ್ಬರಿಗೆ, ಹಿತ್ತಲು ಎಲ್ಲರದ್ದು. ಎಂತ ನ್ಯಾಯ ಇದು?"

ಕೊನೆಗೆ ರಾಯರ ತೀರ್ಪು: "ನೋಡಿ ಟೀಚರೇ, ಗಣಪತಿ ಮುಗಿಯುವವರೆಗೆ ಟೈಮ್ ಕೊಡುವ. ಆಮೇಲೆ ಎಲ್ಲರೂ ಬಂದು ನೋಡುವುದು. ಸೊಳ್ಳೆ ಇರಬಾರದು. ಮತ್ತೆ ತೋಟದ ಹಾಗೆ ಕಾಣಬೇಕು. ಕಾಡಿನ ಹಾಗೆ ಕಂಡರೆ ಲಾದಿ. ಆಯ್ತಲ್ಲ?"

ಆಯಿತು ಅಂದೆ. ಮನೆಗೆ ಬಂದವಳು ಸೀದಾ ಹಿತ್ತಲಿಗೆ ಹೋಗಿ ನಿಂತೆ. ಹೆದರಿಕೆಗಲ್ಲ, ಹುರುಪಿಗೆ.

26-6-83

ರಾತ್ರಿ ವಿಶ್ವಕಪ್ ಗೆದ್ದರಂತೆ. ಬೆಳಗಿನ ಜಾವದವರೆಗೆ ಪಟಾಕಿ. ಇವರು ನಳಿನಾಕ್ಷಿಯ ಮನೆ ಟಿವಿ ಮುಂದಿನಿಂದ ಎದ್ದು ಬಂದವರು ಕುಣಿಯುತ್ತಲೇ ಬಂದರು. ನಾನು ಹಿತ್ತಲ ಮೆಟ್ಟಿಲಿಗೆ ಓಡಿದೆ. ಇಷ್ಟು ಸದ್ದಿಗೆ ಎಲ್ಲ ಓಡಿಹೋಗಿರುತ್ತವೆ ಅಂದುಕೊಂಡರೆ — ಕಪ್ಪೆ! ಪಟಾಕಿ ನಿಂತ ಕೂಡಲೇ ಶುರು. ಒಂದಲ್ಲ, ಮೇಳವೇ! ನಾನೂ ಗೆದ್ದೆ.

10-7-83, ರವಿವಾರ

ಮೂರು ಜಾತಿಯೂ ಬೇರು ಬಿಟ್ಟಿವೆ. ಛತ್ರಿಯದು ಒಂದೊಂದು ಬುಡಕ್ಕೆ ಐದಾರು ಹೊಸ ಕುಡಿ. ಒಣ ಅಂಚಿನಲ್ಲಿ ನಾನು ನೆಡದೇ ಇದ್ದ ಜೇಕು, ನಮ್ಮೂರಿನ ಅಸಲಿ ಜೇಕು, ತಾನಾಗಿ ಎದ್ದಿದೆ. ಇರಲಿ ಪಾಪ. ಈ ಮಣ್ಣಿಗೆ ನನಗಿಂತ ಮೊದಲಿನದು.

ಸ್ಟೇಷನ್ ಹತ್ತಿರದ ಮೀನಿನ ತೊಟ್ಟಿ ಮಾರುವವನಿಂದ ಗಪ್ಪಿ ಮೀನು ತಂದು ಬಿಟ್ಟೆ. ಸೊಳ್ಳೆಮರಿ ಕಂಡರೆ ಸಾಕು, ಬಿಡುವುದಿಲ್ಲ. ಸೂಜಿ ಜೇಕಿನ ತುದಿಗಳ ಮೇಲೆ ನೀಲಿ ಏರೋಪ್ಲೇನ್ ಚಿಟ್ಟೆ. ಗಾಳಿ ಬಂದರೆ ಎರಡೂ ಬಾಗುತ್ತವೆ, ಎರಡೂ ಏಳುತ್ತವೆ. ಅಡುಗೆ ಮರೆತು ನೋಡುತ್ತ ನಿಂತೆ. ಇವರು ಬ್ರೆಡ್ ತಿಂದು ಕ್ಯಾರಮ್ ಆಡಲು ಹೋದರು.

23-7-83

ಅಪ್ಪ ಬಂದ. ಅಣ್ಣ ಕರೆತಂದು ಬಿಟ್ಟು, ರಾತ್ರಿಯ ಗಾಡಿಗೇ ತಿರುಗಿ ಹೋದ, ಬಿತ್ತಿಗೆ ನಡೆದಿದೆ. ಅಪ್ಪನ ಕಣ್ಣಿಗೆ ಪೂರಾ ಪೊರೆ. ಬೆಳಕು ಕತ್ತಲೆ ಗೊತ್ತಾಗುತ್ತದೆ, ಅಷ್ಟೇ. ಠಾಣೆಯ ಡಾಕ್ಟರು ಆಗಸ್ಟ್ ಮೊದಲ ವಾರ ಆಪರೇಷನ್ ಅಂದಿದ್ದಾರೆ.

ಕೈ ಹಿಡಿದು ಮನೆಯೊಳಗೆ ಕರೆತಂದಾಗ ಬಾಗಿಲಲ್ಲೇ ನಿಂತ. "ಗಿರಿಜವ್ವಾ, ಎಷ್ಟ ದಿನಾ ಆಗತೈತಿ? ಮಗಳ ಮನ್ಯಾಗ ಕೆಲಸಿಲ್ದ ಕುಂತ ಉಂಡರ ರೊಟ್ಟಿ ಮೈಗೆ ಹತ್ತೂದಿಲ್ಲ." ಊರಿನಲ್ಲಿ ಎಲ್ಲ ತಂದೆಯರೂ ಆಡುವ ಮಾತೇ. ಆದರೆ ನಮ್ಮಪ್ಪ ಸಿದ್ದಲಿಂಗಪ್ಪನವರು ಆಡಿದರೆ ಅದು ಮಾತಲ್ಲ, ಕಾನೂನು. ಒಂದು ಬುಟ್ಟಿ ಶೇಂಗಾ ಮುಂದಿಟ್ಟೆ. ಸಂಜೆಯವರೆಗೆ ಬೆರಳಲ್ಲೇ ನೋಡಿ ಸುಲಿದುಕೊಟ್ಟ. ಆಮೇಲೇ ಉಂಡ.

27-7-83

ಇವತ್ತು ಅಪ್ಪನನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿದ್ದೆ. ಕಾಲು ನೀರಿಗೆ ಇಳಿಬಿಟ್ಟ. ಕೈಚಾಚಿ ಎಲೆ ಮುಟ್ಟಿದ. ಕಪ್ಪೆ ಕೇಳಿದ. ಮುಖ ಅರಳಿತು.

"ನೀರಾಗ ನಿಂತಾವು, ಎಲಿ ಸಣ್ಣಾವು... ಭತ್ತಾ ಹಚ್ಚೀಯೇನ ಗಿರಿಜಾ?"

ನಾನು ಅಲ್ಲವೆನ್ನಬೇಕಿತ್ತು. ಬಾಯಿ ಬರಲಿಲ್ಲ. ರೋಣದ ಎರೆಹೊಲದಲ್ಲಿ ಇಡೀ ಆಯುಷ್ಯ ಜೇಕು ಕೀಳುತ್ತ ಬಗ್ಗಿದ ಬೆನ್ನು ಅದು. ಅವನಿಗೆ ಹೇಗೆ ಹೇಳಲಿ — ಅಪ್ಪಾ, ನಿನ್ನ ಮಗಳು ಟಿಕೆಟ್ ತೆಗೆಸಿ ಹೋಗಿ ಜೇಕು ತಂದಿದ್ದಾಳೆ ಅಂತ? ಸುಮ್ಮನೆ "ಹ್ಞೂಂ" ಅಂದೆ.

ಮುಗಿಯಿತು. ಹಾಲಿನವನಿಗೆ, ಪೇಪರಿನವನಿಗೆ, ಮೆಟ್ಟಿಲು ಹತ್ತುವ ಇಳಿಯುವ ಎಲ್ಲರಿಗೂ ಹೇಳುತ್ತಿದ್ದಾನೆ: "ನಮ್ಮ ವಂಶದಾಗ ಯಾರೂ ಭತ್ತಾ ಬೆಳದಿಲ್ರಿ, ಬರೇ ಜ್ವಾಳಾ. ನನ್ನ ಮಗಳು ಬೆಳದಾಳ. ಅದೂ ಮುಂಬೈದಾಗ!" ನಳಿನಾಕ್ಷಿ ಸೆರಗು ಬಾಯಿಗೆ ತುರುಕಿಕೊಂಡು ಓಡಿಹೋದಳು. ಆಮೇಲೆ ಬಂದು ಕಿವಿಯಲ್ಲಿ, "ಗಿರಿಜಕ್ಕ, ಕುಯ್ಲು ಯಾವಾಗ? ನನಗೊಂದು ಸೇರು ಕುಚ್ಚಲಕ್ಕಿ."

2-8-83

ಆಪರೇಷನ್ ಆಯಿತು. ಚೆನ್ನಾಗಿ ಆಯಿತಂತೆ. ಅಪ್ಪ ಡಾಕ್ಟರರಿಗೂ ಭತ್ತದ ವಿಷಯ ಹೇಳಿದ.

15-8-83

ಕಣ್ಣಿಗೆ ಹಸಿರು ಪಟ್ಟಿ. ಬಗ್ಗುವಂತಿಲ್ಲ, ಭಾರ ಎತ್ತುವಂತಿಲ್ಲ, ಕೆಮ್ಮುವುದಕ್ಕೂ ಪರ್ಮಿಶನ್. ಕೆಲಸವಿಲ್ಲದೆ ಸಿಡಿಮಿಡಿ. ಬೆಳ್ಳುಳ್ಳಿ ಬಿಡಿಸಲು ಕೊಟ್ಟೆ, ಎರಡು ತಿಂಗಳಿಗಾಗುವಷ್ಟು ಬಿಡಿಸಿಟ್ಟ.

ಶಾಲೆಯಲ್ಲಿ ಧ್ವಜ ಏರಿಸಿ ಬಂದು ಸೀರೆ ಕೂಡ ಬದಲಿಸಿರಲಿಲ್ಲ. ಅಪ್ಪ ಮೆಟ್ಟಿಲಿಂದ ಕೈ ಎತ್ತಿ ಸುಮ್ಮನಿರಿಸಿದ. "ಯಾವುದೋ ಹಕ್ಕಿ. ಹೊಸಾದು. ನಡಕೋಂತ ಬಂತು, ಹಾರಿದ ಸಪ್ಪಳ ಕೇಳಲಿಲ್ಲ."

ಇಣುಕಿದೆ. ಛತ್ರಿ ಜೇಕಿನ ನಡುವೆ, ಕಪ್ಪು ಬೆನ್ನು, ಸುಣ್ಣ ಬಳಿದಂಥ ಬಿಳಿ ಎದೆ, ಬಾಲ ಎತ್ತಿ ಎತ್ತಿ ಹಾಕುತ್ತ — ಹುಂಡುಕೋಳಿ! ನನ್ನ ಹಿತ್ತಲಿಗೆ! ಕೂಗಬಾರದೆಂದು ಸೆರಗು ಕಚ್ಚಿದೆ. ನಳಿನಾಕ್ಷಿ ಮೇಲಿನ ಗ್ಯಾಲರಿಯಿಂದ, "ಅಯ್ಯೋ, ಇದು ನಮ್ಮ ತೋಡಿನಲ್ಲಿ ದಿನಾ ಬರ್ತಿತ್ತು ಮಾರಾಯ್ತಿ! ಇದಕ್ಕೆ ಇಲ್ಲಿಯ ಅಡ್ರೆಸ್ ಕೊಟ್ಟದ್ದು ಯಾರು?" ಅವಳ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ.

3-9-83, ಶನಿವಾರ

ಗೂಡು!! ಎತ್ತರದ ಬುಡದಲ್ಲಿ ಜೇಕನ್ನೇ ಬಗ್ಗಿಸಿ ಹೆಣೆದಿದೆ. ಒಳಗೆ ಮೊಟ್ಟೆ, ಕಂದು ಚುಕ್ಕೆಯವು. ಹತ್ತಿರ ಹೋಗಲಿಲ್ಲ. ಅಪ್ಪನಿಗೆ ಹೇಳಿದೆ. ಆಗಿನಿಂದ ಮೆಟ್ಟಿಲ ಮೇಲೆ ಕೆಮ್ಮನ್ನೂ ನುಂಗುತ್ತಿದ್ದಾನೆ. ಡಾಕ್ಟರರು ಹೇಳಿದ್ದಕ್ಕೆ ಮಾಡದವನು ಹಕ್ಕಿಗಾಗಿ ಮಾಡಿದ.

ಕೋಳಿ ಕಾವು ಕೂತ ಜಾಗಕ್ಕೆ ಲಾದಿ ಹಾಕುವ ಧೈರ್ಯ ಯಾರಿಗಿದೆ ನೋಡೇಬಿಡೋಣ.

11-9-83

ಗಣಪತಿ ಕೂತಿದ್ದಾನೆ. ಮಂಟಪದಲ್ಲಿ ಯಂಕಪ್ಪ ಸಿಕ್ಕಿ, "ಬಾಯಾರ, ಲಾದಿಯವನಿಗೆ ಹೇಳಿಬಿಟ್ಟೇನಿ. ಇಪ್ಪತ್ತೈದಕ್ಕ ಮೀಟಿಂಗ್, ಇಪ್ಪತ್ತಾರಕ್ಕ ಟೆಂಪೊ" ಎಂದ. ಪ್ರಸಾದ ಅವನ ಕೈಗೆ ಸ್ವಲ್ಪ ಜೋರಾಗಿಯೇ ಹಾಕಿದೆ.

ಆದರೆ ಒಳಗೆ ಅಳುಕು. ಸೊಳ್ಳೆ ಇಲ್ಲ, ಅದನ್ನು ಯಾರು ಬೇಕಾದರೂ ಬಂದು ನೋಡಲಿ. "ತೋಟದ ಹಾಗೆ ಕಾಣಬೇಕು" — ಅದೇ ಕಷ್ಟ. ನನಗೆ ಸ್ವರ್ಗ. ಗ್ಯಾಲರಿಯಿಂದ ನೋಡಿದರೆ... ಕಾಡೇ.

16-9-83, ಶುಕ್ರವಾರ. ರಾತ್ರಿ

ಕನ್ನಡಕ ಬಂತು! ಸೀಸೆಯ ತಳದಷ್ಟು ದಪ್ಪ. ಅಂಗಡಿಯಲ್ಲೇ ಹಾಕಿಸಿದೆ. ಅಪ್ಪ ಬಹಳ ಹೊತ್ತು ನನ್ನನ್ನೇ ನೋಡಿದ. "ಗಿರಿಜಾ, ನಿನ್ನ ಕೂದ್ಲಾ ಬೆಳ್ಳಗಾಗ್ಯಾವಲ್ಲ" ಅಂದ. ಗಲ್ಲ ಸವರಿದ. ನಾನು ಅಂಗಡಿಯವನ ಮುಂದೆಯೇ ಅತ್ತೆ.

ರಿಕ್ಷಾದಲ್ಲಿ ಬೋರ್ಡುಗಳನ್ನೆಲ್ಲ ನೋಡುತ್ತ ಬಂದ. ಮರಾಠಿ ಓದಲು ಬಾರದಿದ್ದರೂ ಒಂದೊಂದು ಅಕ್ಷರ ಕೂಡಿಸಿ. ಮನೆಗೆ ಬರುವಷ್ಟರಲ್ಲಿ ಕತ್ತಲೆ, ಮಳೆ. ಜಗತ್ತಿನಲ್ಲಿ ನನ್ನಷ್ಟು ಸುಖಿ ಇವತ್ತು ಯಾರೂ ಇಲ್ಲ.

17-9-83, ಶನಿವಾರ

ಬರೆಯಲು ಆಗುತ್ತಿಲ್ಲ.

ಮಧ್ಯಾಹ್ನ ಶಾಲೆ ಬಿಟ್ಟು ಬಂದೆ. ಹಿತ್ತಲು ಬೋಳು. ಪೂರಾ ಬೋಳು. ಕೆಸರು ಹದವಾಗಿ ಮಟ್ಟಮಾಡಿದೆ. ಗೋಡೆಗೆ ಒತ್ತಿ ಒಂದು ರಾಶಿ — ನನ್ನ ಛತ್ರಿ, ನನ್ನ ಸೂಜಿ, ನನ್ನ ಬಿಳಿ ಗುಂಡಿ, ಎಲ್ಲ ಬೇರು ಮೇಲಾಗಿ. ಅಪ್ಪ ಮೆಟ್ಟಿಲ ಮೇಲೆ ಕೂತು ಕೈಕಾಲು ತೊಳೆಯುತ್ತಿದ್ದ. ಪಕ್ಕದಲ್ಲಿ ಕುರ್ಚಿಗಿ, ಕಳೆ ಕೀಳುವುದು, ಊರಿಂದ ಟ್ರಂಕಿನಲ್ಲಿ ತಂದಿದ್ದನಂತೆ! ಕಣ್ಣು ಕಾಣದವನು ಕುರ್ಚಿಗಿ ತಂದಿದ್ದ!

"ಎಲ್ಲಾ ಹಸನ ಮಾಡೇನಿ" ಅಂದ, ಮುಖ ತುಂಬ ಬೆಳಕು. "ಆದ್ರ ಗಿರಿಜಾ, ನಿನ್ನ ಭತ್ತಾ ಜೇಕು ನುಂಗಿಬಿಟ್ಟೈತಿ. ಹುಡಿಕ್ಯಾಡಿ ಹುಡಿಕ್ಯಾಡಿ ಸಾಕಾತು, ಒಂದ ಪೈರೂ ಸಿಗಲಿಲ್ಲವಾ."

ಕಿರುಚಿದೆ. ಏನೇನು ಅಂದೆನೋ. "ಜೇಕನ್ನ ಹಚ್ಚಿದ್ದೆ ಅಪ್ಪಾ! ನಾನ ಹಚ್ಚಿದ್ದೆ! ಭತ್ತ ಎಂದೂ ಇರಲಿಲ್ಲ!"

ಅವನ ಮುಖ. ಆ ದಪ್ಪ ಗಾಜಿನ ಹಿಂದೆ ಕಣ್ಣು ಎರಡರಷ್ಟು ದೊಡ್ಡದಾಗಿ ಕಾಣುತ್ತವೆ. "ಜೇಕು ಹಚ್ಚಿದ್ಯಾ? ನೀನ? ... ಮತ್ತ ಹ್ಞೂಂ ಅಂದಿ?"

ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಸಂಜೆ

ನಳಿನಾಕ್ಷಿ ಬಾಗಿಲು ಬಡಿದು ಎಬ್ಬಿಸಿದಳು. "ಅಳುವುದು ಆಮೇಲೆ ಅಳಿ. ಮೊದಲು ಹಿಂದೆ ಹೋಗಿ ನೋಡಿ."

ಹೋದೆ. ಸಿಟ್ಟಿನಲ್ಲಿ ನೋಡಿಯೇ ಇರಲಿಲ್ಲ. ನಟ್ಟನಡುವೆ ಒಂದು ದೊಡ್ಡ ಹಿಂಡು ಜೇಕು ಹಾಗೆಯೇ ನಿಂತಿದೆ, ಸುತ್ತ ಒಂದು ಮಾರು ಒಂದು ಎಲೆಯೂ ಕಿತ್ತಿಲ್ಲ. ಗೂಡಿನ ಜಾಗ. ಹಕ್ಕಿ ಕೂತಿದೆ. ಹೋಗಿಲ್ಲ!

ಅಪ್ಪ ಗೋಡೆ ಕಡೆ ಮುಖ ಮಾಡಿ ಅಂದ, "ಗೂಡಿದ್ದಲ್ಲಿ ಕುರ್ಚಿಗಿ ಹಾಕಂಗಿಲ್ಲ. ಹೊಲದಾಗೂ ಬಿಡತೇವಿ, ಮರಿ ಹೋಗೂತನಾ." ಅಷ್ಟೇ ಮಾತು. ಊಟ ಬೇಡವೆಂದ.

18-9-83, ರವಿವಾರ

ಅಪ್ಪ ಟ್ರಂಕು ಕಟ್ಟುತ್ತಿದ್ದಾನೆ. ನಾಳೆ ಊರಿಗೆ ಹೋಗುತ್ತಾನಂತೆ, ಒಬ್ಬನೇ, ಈಗ ಕಣ್ಣು ಕಾಣುತ್ತದಲ್ಲ. ನಾನು ಮಾತಾಡಿಸಲಿಲ್ಲ. ಅವನೂ ಇಲ್ಲ. ಇಬ್ಬರದೂ ಒಂದೇ ಮೂಗು, ಒಂದೇ ಸಿಟ್ಟು. ಬರುವ ರವಿವಾರ ಮೀಟಿಂಗ್. ರಾಯರು ಬಂದು ನೋಡುವುದೇನು, ಕೆಸರನ್ನೇ?

ಇವರು ಪೇಪರ್ ಮಡಿಚಿಟ್ಟರು. ಅಪ್ಪನ ಪಕ್ಕ ಹೋಗಿ ಕೂತು ಏನೋ ಮಾತು — ಬಹಳ ಹೊತ್ತು. ಲಾದಿ, ಕಮಿಟಿ, ಯಂಕಪ್ಪ ಎಂಬ ಶಬ್ದಗಳು ಕೇಳಿಸಿದವು. ಎದ್ದು ಬಂದು ನನಗೇನೂ ಹೇಳಲಿಲ್ಲ. ಮತ್ತೆ ಪೇಪರ್.

19-9-83, ಸೋಮವಾರ

ಅಪ್ಪ ಹೋಗಿಲ್ಲ!

ಶಾಲೆಯಿಂದ ಬಂದರೆ ಧೋತರ ಮೊಣಕಾಲಿಗೆ ಕಟ್ಟಿ ಕೆಸರಿನಲ್ಲಿದ್ದಾನೆ. ಬಟ್ಟೆ ಒಣಹಾಕುವ ಹಗ್ಗವನ್ನು ಗೋಡೆಯಿಂದ ಗೋಡೆಗೆ ಎಳೆದು ಬಿಗಿದಿದ್ದಾನೆ. ರಾಶಿಯಿಂದ ಒಂದೊಂದೇ ಬುಡ ಎತ್ತಿ, ಹಗ್ಗದಗುಂಟ, ಗೇಣು ಹಾಕಿ ಅಳೆದು, ಜೇಕು ನೆಡುತ್ತಿದ್ದಾನೆ. ನಮ್ಮಪ್ಪ! ಜೇಕು!

ನೋಡಿ ಎದೆ ತುಂಬಿತು. ಆದರೆ ನಾಲಗೆ ಕೇಳಬೇಕಲ್ಲ: "ಅಪ್ಪಾ, ಇದೇನ್ ಸಾಲು? ನದಿ ದಂಡ್ಯಾಗ ಸಾಲ ಇರತಾವೇನು?"

"ನನಗ ಸಾಲ ಬಿಟ್ಟು ಹಚ್ಚಾಕ ಬರೂದಿಲ್ಲ" ಅಂದ, ತಲೆ ಎತ್ತದೆ. "ಹಗ್ಗಾ ಹಿಡಿ, ಇಲ್ಲಾ ಒಳಗ ಹೋಗು."

ಹಗ್ಗ ಹಿಡಿದೆ. ಕತ್ತಲಾಗುವವರೆಗೆ ಇಬ್ಬರೂ. ನಡುನಡುವೆ ಗೊಣಗುತ್ತಿದ್ದ, "ನಮ್ಮಪ್ಪ ನೋಡಿದ್ರ ಚಪ್ಪಲ್ ತಗೊಂಡ ಹೊಡೀತಿದ್ದ." ನಾನು ನಗುತ್ತಿದ್ದೆ. ಅವನೂ ನಕ್ಕ. ರಾತ್ರಿ ಮೂರು ರೊಟ್ಟಿ ತಿಂದ.

22-9-83, ಗುರುವಾರ

ಮೊಟ್ಟೆ ಒಡೆದವು! ಮಸಿಯುಂಡೆಯಂಥ ಮರಿಗಳು. ತಾಯಿ ಮುಂದೆ, ಅವು ಹಿಂದೆ, ಅಪ್ಪ ಬಿಟ್ಟ ಸಾಲಿನ ನಡುವಿನ ಹಾದಿ ಹಿಡಿದು ಅತ್ತಿಂದಿತ್ತ ಓಡಾಡಿ, ಸಂಜೆಯೊಳಗೆ ಕಂಪೌಂಡಿನ ತೂತಿನಿಂದ ಆಚೆಯ ನಾಲೆಗೆ ಇಳಿದುಹೋದವು. ಬಿಲ್ಡಿಂಗಿನ ಮಕ್ಕಳೆಲ್ಲ ಗ್ಯಾಲರಿಯಲ್ಲಿ ಉಸಿರು ಹಿಡಿದು. ಅಪ್ಪ ಕನ್ನಡಕ ಒರೆಸಿ ಒರೆಸಿ ನೋಡಿದ.

ಖುಷಿ. ಆದರೆ ಗೂಡು ಖಾಲಿ. ಕಾವು ಕೂತ ಹಕ್ಕಿಯ ಹೆಸರಲ್ಲಿ ಇನ್ನು ಯಾರನ್ನೂ ತಡೆಯುವಂತಿಲ್ಲ. ನೆಟ್ಟದ್ದು ಅರ್ಧ ಬಾಡಿದೆ, ಅರ್ಧ ಚಿಗುರಿದೆ. ಮೂರೇ ದಿನ.

25-9-83, ರವಿವಾರ

ಎಲ್ಲ ಈಗಲೇ ಬರೆದುಬಿಡಬೇಕು, ಒಂದು ಶಬ್ದವೂ ತಪ್ಪಬಾರದು.

ಹತ್ತು ಗಂಟೆಗೆ ಎಲ್ಲರೂ ಹಿತ್ತಲಿಗೆ ಬಂದರು. ನಳಿನಾಕ್ಷಿ ಮೊದಲೇ ಕಿವಿಯಲ್ಲಿ ಊದಿದ್ದಳು: "ಕೇಳಿದರೆ ಪೂಜೆಯ ಹುಲ್ಲು ಅಂತ ಹೇಳುವ. ರಾಯರು ದೇವರ ವಿಷಯಕ್ಕೆ ಮಾತಾಡುವುದಿಲ್ಲ." ನಾನು ಹ್ಞೂಂ ಅನ್ನಲಿಲ್ಲ. ಒಂದು ಹ್ಞೂಂನಿಂದ ಆದದ್ದು ಸಾಕು.

ರಾಯರು ನೀರಿಗೆ ಬ್ಯಾಟರಿ ಹಾಕಿ ನೋಡಿದರು. ಸೊಳ್ಳೆಮರಿ ಇಲ್ಲ. ಮೀನು ನೋಡಿ "ಛೇ, ಚೆಂದ ಉಂಟು" ಅಂದರು. ಆಮೇಲೆ ತಲೆ ಎತ್ತಿದರು. ಸಾಲು, ಸಾಲು, ಸಾಲು. ಎಳೆದ ಹಗ್ಗದಷ್ಟು ನೇರ.

"ಇದು ತೋಟವೇ ಅಲ್ವಾ ಮಾರಾಯ್ರೆ!" ಅಂದರು. "ಜೂನಿನಲ್ಲಿ ನೋಡುವಾಗ ಕಾಡಿತ್ತು. ಈಗ ಸಾಲು ಉಂಟು."

ನನಗೆ ನಗಬೇಕೋ ಜಗಳವಾಡಬೇಕೋ ತಿಳಿಯಲಿಲ್ಲ. ಕಪ್ಪೆ ಲೆಕ್ಕಕ್ಕಿಲ್ಲ, ಏರೋಪ್ಲೇನ್ ಚಿಟ್ಟೆ ಲೆಕ್ಕಕ್ಕಿಲ್ಲ, ಇಡೀ ಒಂದು ಸಂಸಾರ ಬೆಳೆಸಿ ಹೋದ ಹುಂಡುಕೋಳಿ ಲೆಕ್ಕಕ್ಕಿಲ್ಲ. ಸಾಲಿದ್ದರೆ ತೋಟ! ಇವರು ಹಿಂದಿನಿಂದ ನನ್ನ ಸೆರಗು ಜಗ್ಗಿದರು. ಬಾಯಿ ಮುಚ್ಚಿಕೊಂಡೆ.

ಯಂಕಪ್ಪ ಬಿಡುವವನೇ? "ಸಾಲ ಅದಾವ, ಖರೆ. ಬೆಳಿ ಯಾವುದು ಕೇಳ್ರಿ." ಅಪ್ಪನ ಕಡೆ ತಿರುಗಿದ. "ಯಜಮಾನ್ರ, ನೀವು ಒಕ್ಕಲುತನದವರು. ಸುಳ್ಳ ಹೇಳಂಗಿಲ್ಲ. ಇದೇನ್ರಿ ಇದು?"

ಎಲ್ಲರೂ ಅಪ್ಪನನ್ನು ನೋಡಿದರು. ಎರಡು ತಿಂಗಳು ಇದೇ ಜನಕ್ಕೆ ಭತ್ತ ಭತ್ತವೆಂದು ಸಾರಿದವನು. ಅಪ್ಪ ಮೆಟ್ಟಿಲಿಂದ ಎದ್ದ. ರುಮಾಲು ಸರಿಮಾಡಿದ. ಕನ್ನಡಕ ಒತ್ತಿಕೊಂಡ.

"ಜೇಕು" ಅಂದ.

ಯಂಕಪ್ಪ ತೊಡೆ ತಟ್ಟಿ ನಕ್ಕ. "ಕೇಳಿದ್ರೆಲ್ಲೋ! ಜೇಕಂತ!"

"ನಗಬ್ಯಾಡ ತಮ್ಮಾ" ಅಂದ ಅಪ್ಪ, ಶಾಂತವಾಗಿ. "ನೀನೂ ಅತ್ಲಾಗಿನವನ. ಲಾದಿ ಹಾಸೂದಿದ್ರ ಹಾಸು. ಆ ಅಂಚಿನ್ಯಾಗ ಕಿತ್ತಮ್ಯಾಲೂ ಮತ್ತ ಚಿಗಿತದ್ದು ಅದಲ್ಲಾ, ಅದರ ಗಡ್ಡಿ ನೆಲದಾಗ ಎಷ್ಟ ಆಳ ಅದಾವ ನಿಂಗ ಗೊತ್ತೈತಿ. ಬರೂ ಮಳಿಗಾಲಕ್ಕ ಸಂದ್ಯಾಗಿಂದ ತಲಿ ಎತ್ತತೈತಿ. ನಿನ್ನ ಸ್ಕೂಟರ ಗಾಲಿ ಬುಡಕ. ಕಿತ್ತೀ ಅಂದ್ರ ಎರಡಾಗತೈತಿ. ಅರವತ್ತ ವರ್ಷ ಕಿತ್ತೇನಿ, ಹೋಗಿಲ್ಲ."

ಯಂಕಪ್ಪನ ನಗು ಅರ್ಧಕ್ಕೆ ನಿಂತಿತು. ಅವನಿಗೆ ಗೊತ್ತು, ಖಂಡಿತ ಗೊತ್ತು. ರಾಯರು ಅವನ ಮುಖ ನೋಡಿದರು, "ಹೌದಾ?" ಅವನು ಗೋಣು ಹಾಕಿದ. ಆಮೇಲೆ ಸಿಟ್ಟು ಬಂತು ಅವನಿಗೆ. "ಇಂಥಾ ಹಡಬಿಟ್ಟಿ ಪೀಡಾ ತಂದು ಸೊಸಾಯಿಟಿ ಜಾಗಾದಾಗ ಹಚ್ಚಿದವರ್ಯಾರು ಹಂಗಾರ? ಅವರ ಹೆಸರ ಬರಕೋರಿ ರಾಯರ!"

ಎಲ್ಲ ಮುಖಗಳೂ ನನ್ನ ಕಡೆಗೆ. ಬಾಯಿ ತೆರೆದೆ.

"ನಾ ಹಚ್ಚೇನಿ" ಅಂದ ಅಪ್ಪ. ದೊಡ್ಡ ದನಿಯಲ್ಲಿ, ಮೂರನೇ ಮಾಳಿಗೆಯವರೆಗೆ ಕೇಳುವ ಹಾಗೆ. "ಬರಕೋರಿ. ಸಿದ್ದಲಿಂಗಪ್ಪ, ಮುಕ್ಕಾಂ ರೋಣ. ನನ್ನ ಕೈಲೆ ನಾನ ಹಚ್ಚೇನಿ."

ನಳಿನಾಕ್ಷಿ ಮೊದಲು ಕೈ ಎತ್ತಿದಳು. ಆಮೇಲೆ ಇವರು — ಎರಡೂ ಕೈ, ಒಂದನ್ನು ಇಳಿಸಬೇಕಾಯಿತು. ಆಮೇಲೆ ಒಬ್ಬೊಬ್ಬರಾಗಿ. ರಾಯರು ಎಣಿಸಿ, "ಲಾದಿ ಗೇಟಿನ ಹತ್ತಿರ ಹಾಕುವ. ಹಿತ್ತಲು ಟೀಚರದ್ದು" ಅಂದರು. ಆಮೇಲೆ ತಿದ್ದಿದರು, "ಟೀಚರ ತಂದೆಯವರದ್ದು."

ಹಿತ್ತಲು ಉಳಿಯಿತು! ಉಳಿಯಿತು, ಉಳಿಯಿತು! ಆದರೆ ನನ್ನ ಕಿವಿಯಲ್ಲಿರುವುದು ಅದಲ್ಲ. ಆಯುಷ್ಯವಿಡೀ ಯಾರ ಹೊಲದಲ್ಲಾದರೂ ಜೇಕು ಕಂಡರೆ ಆ ಮನೆಯವರ ಬಗ್ಗೆಯೇ ತಾತ್ಸಾರ ಮಾಡುತ್ತಿದ್ದ ಮನುಷ್ಯ. ಆ ಕಡೆಯವನೊಬ್ಬನ ಎದುರಿಗೇ ನಿಂತು, ತನ್ನ ಹೆಸರು, ತನ್ನ ಊರಿನ ಹೆಸರು ಹೇಳಿ... ಯಂಕಪ್ಪ ದೀಪಾವಳಿಗೆ ಊರಿಗೆ ಹೋದಾಗ ಸುದ್ದಿ ಹಬ್ಬಿಸದೆ ಬಿಡುವುದಿಲ್ಲ. ಅಪ್ಪನಿಗೂ ಅದು ಗೊತ್ತು. ಗೊತ್ತಿದ್ದೇ ಹೇಳಿದ. ನನಗಾಗಿ. ಸಂಜೆ ಅವನ ಪಕ್ಕ ಕೂತು, ಅಪ್ಪಾ, ಹಾಗೆ ಯಾಕೆ ಹೇಳಿದೆ ಎಂದು ಕೇಳಬೇಕೆಂದುಕೊಂಡೆ. ಅವನು ಬಾಡಿದ ಬುಡ ಎತ್ತಿ ನೋಡುತ್ತ, "ಇದು ಹತ್ತಲಿಲ್ಲ, ನಾಳೆ ಬ್ಯಾರೇದು ತರಬೇಕು, ಶಹಾಡಕ್ಕ ಗಾಡಿ ಎಷ್ಟಕ್ಕೈತಿ?" ಅಂದ. ಆಗ ನನಗೆ ಕೇಳುವ ಅಗತ್ಯವೇ ಕಾಣಲಿಲ್ಲ. "ಆರಕ್ಕೈತಿ ಅಪ್ಪಾ, ಇಬ್ಬರೂ ಹೋಗೂಣು" ಅಂದೆ.